ಕೊಸರು

ಕೋಡಿಬಾಗದ ಖಾನಾವಳಿಯಲ್ಲಿ ಐದು ಮಂದಿ,
ಐದು ಮೈದಾನಗಳ ಗಾಲ್ಫ್ ಮಾಸ್ತರರು.
ನಡುವೆ ಒಂದು ತಟ್ಟೆ, ರವೆ ಹಚ್ಚಿ ಕರಿದ ನೋಗಲಿ,
ಎಣ್ಣೆ ತಾಗದಷ್ಟು ದೂರದಲ್ಲಿ ನೀಲಿ ಕಾರ್ಡಿನ ಮಾದರಿ.
ಒಂದೇ ಕಾರ್ಡು, ಐದೂ ಕಡೆ ಆಟ,
ನೂರಕ್ಕೆ ಮೂವತ್ತು ಸೋಡಿ.
ಹಿಂಬದಿಗೆ ನಮ್ಮ ಐವರ ಸಹಿ ಬೇಕಂತೆ.

ಬಸವಂತ ಅಂಕಲಗಿ, ಹುಬ್ಬಳ್ಳಿಯಿಂದ ಘಟ್ಟ ಇಳಿದು ಬಂದವನು,
ಫೋನಿನಲ್ಲಿ ಲೆಕ್ಕ ಒತ್ತಿ ಒತ್ತಿ ಸುಮ್ಮನಾದ.
ಕಾಣಕೋಣದ ಮಿನೀನು ಮುಳ್ಳು ಬಿಡಿಸುತ್ತ ಅಂದ:
ಬೆಲೆ ಇಳಿಸಿದ ಮಾಸ್ತರನಿಗೆ
ಅವನ ಶಿಷ್ಯನೇ ಬಯ್ಯಲು ಕಲಿಸುತ್ತಾನೆ.

ನಾನು ಬಾಯಿ ಬಿಡಲಿಲ್ಲ.
ನನ್ನದು ಚೆಂಡಿಯಾದ ಆಚೆ ಒಂಬತ್ತು ಕುಳಿ,
ಹುಲ್ಲಿರುವುದು ಏಳಕ್ಕೆ.
ಉಳಿದೆರಡರ ಸುತ್ತ ಏಡಿಗಳು ತೋಡಿ ತೋಡಿ
ಕುಳಿಗಳ ಸಂಖ್ಯೆಯನ್ನೇ ಹೆಚ್ಚಿಸಿವೆ.
ಮೂವತ್ತೊಂದು ಸದಸ್ಯರಿದ್ದರು, ಈಗ ಹನ್ನೊಂದು,
ಹನ್ನೊಂದರಲ್ಲಿ ಇಬ್ಬರಿಗೆ ಮಂಡಿ ನೋವು.

ಮರುದಿನ ಕಾರವಾರದ ಮೀನುಪೇಟೆ.
ನಮ್ಮ ಓಣಿಯ ಗುಲಾಬಿ ತಾಂಡೇಲ
ತಾರ್ಲೆಯ ಪಾಲುಗಳ ಮೇಲೆ ನೀರು ಚಿಮುಕಿಸುತ್ತ
ಕಾರ್ಡಿನ ಕತೆ ಪೂರ್ತಿ ಕೇಳಿದಳು.
"ಬೆಲೆ ಇಳಿಸ್ಬೇಡ್ವೋ ಉಲ್ಲಾಸಾ.
ಹನ್ನೊಂದು ಗಂಟೆಗೆ ಇಳಿಸಿದ್ರೆ
ಮೀನು ಮೆತ್ತಗಾಯ್ತು ಅಂತ್ರು.
ಪಾಲಿಗೆ ನೂರು ಅಂದ್ರೆ ನೂರೇ.
ಎಣಿಸಿ ಹಾಕಿದ ಮೇಲೆ, ಚೀಲದ ಬಾಯಿ ಕಟ್ಟೂ ಮುಂಚೆ
ಎರಡು ತಾರ್ಲೆ ಒಗಿ.
ಸೋಡಿ ತಕಂಡವ ನಾಳೆ ಮತ್ತೊಬ್ಬಳ ಹತ್ರ ಹೋಗ್ತ.
ಕೊಸರು ತಕಂಡವ ನಿನ್ನ ಹೆಸರು ಕೇಳ್ತ."

ಬೈಕು ಹತ್ತಿದವನಿಗೆ ಬೈತಖೋಲದ ತಿರುವಿನಲ್ಲಿ ಹೊಳೆಯಿತು:
ನಮ್ಮ ಆಟವೇ ಕೊಸರಿನದಲ್ಲವೆ.
ಹ್ಯಾಂಡಿಕ್ಯಾಪ್ ಅನ್ನುತ್ತೇವೆ, ಅಷ್ಟೇ.
ಐಸ್ ಫ್ಯಾಕ್ಟರಿಯ ಮಹಾಲೆಗೆ ಇಪ್ಪತ್ತೆಂಟು ಹೊಡೆತ ಬಿಟ್ಟು ಲೆಕ್ಕ,
ಬಂದರಿನ ಕ್ರೇನು ನಡೆಸುವ ಗುನಗಿಗೆ ಹದಿನೆಂಟು.
ಮಾಸ್ತರನಿಗೆ ಸೊನ್ನೆ.
ಬಿಡುವವನಿಗೆ ಎಲ್ಲಿಯ ಬಿಡುವು.

ಕಾರ್ಡು ಬದಲಾಯಿತು. ಆಟದ ಶುಲ್ಕ ಇದ್ದಷ್ಟೇ.
ಒಂಬತ್ತನೆಯ ಕುಳಿ ಮುಗಿದ ಮೇಲೆ
ಕಾಲು ಗಂಟೆ ಮಾಸ್ತರ ನಿಮ್ಮವನು,
ಐವರಲ್ಲಿ ಯಾರಾದರೂ, ಕಾಸಿಲ್ಲದೆ.
ಅಂಕಲಗಿ ಒಂದೇ ಮಾತಿಗೆ ಹೂಂ ಅಂದ.
ಮಿನೀನು ಎರಡು ದಿನ ಫೋನೆತ್ತಲಿಲ್ಲ,
ಮೂರನೆಯ ದಿನ ಸಹಿಯ ಚಿತ್ರ ಕಳಿಸಿದ,
ಜೊತೆಗೊಂದು ಅಕ್ಷರವಿಲ್ಲ.
ನನ್ನದು, ಹದಿನಾಲ್ಕರಲ್ಲಿ ಚೆಂಡು ಹೆಕ್ಕುವಾಗ
ಕೂಲಿ ಪುಸ್ತಕದಲ್ಲಿ ಕಲಿತ ಸಹಿ.
ಅದೇ ಓರೆ, ಅದೇ ಅವಸರ.
ಅಚ್ಚಿನಲ್ಲಿ ನೋಡಿದಾಗ ಬೇರೆ ಯಾರದೋ ಅನಿಸಿತು.

ಐವತ್ತು ಅಚ್ಚು ಹಾಕಿಸಿದ್ದು, ಹೋದದ್ದು ಹತ್ತೊಂಬತ್ತು.
ಕಮಿಟಿಯವರು ಮೂಗು ಮುರಿದರು.
ಗುನಗಿ ತನ್ನ ಕಾಲು ಗಂಟೆಯಲ್ಲಿ
ಚೆಂಡಿನ ವಿಷಯ ಎತ್ತಲೇ ಇಲ್ಲ,
ಮಣಿಕಟ್ಟು ತೋರಿಸಿ, ರಾತ್ರಿ ಪಾಳಿಯಲ್ಲಿ ನೋಯುತ್ತದೆ ಅಂದ.
ಹಿಡಿತ ಸಡಿಲಿಸುವುದನ್ನು ಕಲಿಸಿದೆ.
ಕ್ರೇನಿಗೂ ಅದೇ ಹಿಡಿತವಂತೆ.

ಇಪ್ಪತ್ತನೆಯ ಕಾರ್ಡು ಗುಲಾಬಿಯದು.
ಕೊಟ್ಟ ಬುದ್ಧಿಗೆ ಕೊಸರು ಎಂದು ಕಿತ್ತುಕೊಂಡದ್ದು.
ಪೇಟೆ ಎದ್ದ ಮೇಲೆ, ನಾಲ್ಕಕ್ಕೆ ಬಂದಳು,
ಕಚ್ಚೆ ಬಿಗಿದು, ಬೆರಳಿಗಂಟಿದ ಹುರುಪೆಯ ಸಮೇತ.
ಬಲೆ ಬೀಸುವವರ ಮನೆಯ ಸೊಂಟ, ತಿರುಗಿದ್ದು ಚೆಂದವೇ.
ಚೆಂಡು ಇದ್ದಲ್ಲೇ ಇತ್ತು.
ಹಾರಿದ್ದು ಮಣ್ಣಿನ ಹೆಂಟೆ.
ಏಡಿಯೊಂದು ಬಿಲದೊಳಗೆ ಹಿಂದೆ ಸರಿಯಿತು.

"ಇದೂ ಲೆಕ್ಕಕ್ಕುಂಟ?"

ನಿಯಮದ ಪುಸ್ತಕದಲ್ಲಿ ಉಂಟು.
ತಾಗಲಿ ಬಿಡಲಿ, ಬೀಸಿದ್ದೇ ಹೊಡೆತ.
ಪೆನ್ಸಿಲು ಕಿವಿಗೆ ಸಿಕ್ಕಿಸಿ
ಕೂರ್ಮಗಡದ ಕಡೆ ನೋಡುತ್ತ ನಿಂತೆ.

"ಏನ್ ಬರ್ದೆ?"
"ಎಣಿಸ್ತೇ ಇದ್ದೆ."
"ಎಣಿಸು ಎಣಿಸು," ಅಂದಳು, ಮತ್ತೆ ಕೋಲೆತ್ತುತ್ತ,
"ಚೀಲ ಮಾತ್ರ ಈಗ್ಲೇ ಕಟ್ಬೇಡ."